ನಿಮ್ಮ ಅನುಭವವೂ ಒಂದು ಪಾಠ: ಮಾನಸಿಕ ಆರೋಗ್ಯ ಸಿಬ್ಬಂದಿಯ ತರಬೇತಿಯಲ್ಲಿ ರೋಗಿಗಳು ಮತ್ತು ಆರೈಕೆದಾರರು

ಹೊರರೋಗಿ ವಿಭಾಗದಲ್ಲಿ ನಿಮ್ಮ ಸರದಿ ಮುಗಿದಿದೆ. ಔಷಧಿ ಚೀಟಿ ಕೈಗೆ ಬಂದಿದೆ. ಅಷ್ಟರಲ್ಲಿ ವೈದ್ಯರು, "ಮುಂದಿನ ವಾರ ನಮ್ಮ ವಿದ್ಯಾರ್ಥಿಗಳ ಮುಂದೆ ಬಂದು ನಿಮ್ಮ ಅನುಭವ ಹೇಳ್ತೀರಾ?" ಎಂದು ಕೇಳುತ್ತಾರೆ. ನೀವು ಏನು ಉತ್ತರ ಕೊಡುತ್ತೀರಿ?

ಹಲವರಿಗೆ ಒಮ್ಮೆಲೇ ನೂರು ಯೋಚನೆ ಬರುತ್ತದೆ. ಬೇಡ ಎಂದರೆ ವೈದ್ಯರಿಗೆ ಬೇಸರವಾಗಿ ಚಿಕಿತ್ಸೆಗೆ ತೊಂದರೆಯಾದೀತೇ? ಹೌದು ಎಂದರೆ ವಿಷಯ ಊರಿಗೆ, ನೆಂಟರಿಗೆ ಗೊತ್ತಾದೀತೇ? ಓದಿದವರಿಗೆ ನಾನು ಏನು ಹೇಳಿಕೊಡಬಲ್ಲೆ? ಮಗನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿರುವವರಿಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಅವರ ಕಾಯಿಲೆಯ ಬಗ್ಗೆ ಮಾತನಾಡುವ ಹಕ್ಕು ನನಗಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಉದಾಹರಣೆಗಳನ್ನು ಹೆಚ್ಚಾಗಿ ಪುಣೆಯಿಂದ ತೆಗೆದುಕೊಂಡಿದ್ದೇವೆ. ರೋಗಿಗಳು ಮತ್ತು ಕುಟುಂಬದವರು ತಾವೇ ಸಂಸ್ಥೆ ಕಟ್ಟಿ, ವೈದ್ಯರೂ ಕಾನೂನು ರೂಪಿಸುವವರೂ ಕಿವಿಗೊಡುವಂತೆ ಮಾಡಿದ ನಗರ ಅದು. ಕರ್ನಾಟಕದಿಂದ ದುಡಿಯಲು, ಓದಲು ಹೋಗಿ ನೆಲೆಸಿದ ಕನ್ನಡ ಕುಟುಂಬಗಳೂ ಅಲ್ಲಿ ಬಹಳ ಇವೆ.

ಇದು ಏನು, ಏನು ಅಲ್ಲ?

ವೈದ್ಯಕೀಯ ಕಾಲೇಜುಗಳಲ್ಲಿ ರೋಗಿಯನ್ನು ವಿದ್ಯಾರ್ಥಿಗಳ ಮುಂದೆ ಕೂರಿಸುವುದು ಹೊಸದಲ್ಲ. ಅದನ್ನು 'ಕೇಸ್ ಪ್ರೆಸೆಂಟೇಶನ್' ಎನ್ನುತ್ತಾರೆ. ಅಲ್ಲಿ ಮಾತನಾಡುವವರು ವೈದ್ಯರು. ರೋಗಿ ಕೇಳಿದ್ದಕ್ಕೆ ಉತ್ತರ ಕೊಟ್ಟು ಎದ್ದು ಹೋಗುತ್ತಾರೆ. ಅವರ ರೋಗಲಕ್ಷಣಗಳೇ ಅಲ್ಲಿನ ಪಾಠ.

ನಾವು ಇಲ್ಲಿ ಹೇಳುತ್ತಿರುವುದು ಬೇರೆ. ಇಲ್ಲಿ ರೋಗಿ ಅಥವಾ ಆರೈಕೆದಾರರು ಪಾಠ ಹೇಳುವವರ ಜಾಗದಲ್ಲಿ ಇರುತ್ತಾರೆ. ಯಾವ ವಿಷಯ ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಇದು ಹಲವು ಬಗೆಯಲ್ಲಿ ನಡೆಯುತ್ತದೆ.

• ಅನುಭವ ಹಂಚಿಕೊಳ್ಳುವುದು: ಕಾಯಿಲೆ ಶುರುವಾದದ್ದು, ಆಸ್ಪತ್ರೆ ಸೇರಿದ್ದು, ಗುಣಮುಖವಾದ ದಾರಿ ಇವನ್ನು ಹೇಳಿ, ಪ್ರಶ್ನೆಗಳಿಗೆ ಉತ್ತರ ಕೊಡುವುದು.

• ವಿದ್ಯಾರ್ಥಿಯ ಮಾತುಕತೆಯನ್ನು ಗಮನಿಸಿ ಅಭಿಪ್ರಾಯ ಹೇಳುವುದು: "ನೀವು ಬರೆದುಕೊಳ್ಳುತ್ತಲೇ ಇದ್ದಿರಿ, ಒಮ್ಮೆಯೂ ನನ್ನ ಮುಖ ನೋಡಲಿಲ್ಲ" ಎಂಬಂಥ ಮಾತನ್ನು ಅಧ್ಯಾಪಕರಿಗಿಂತ ರೋಗಿ ಹೇಳಿದಾಗ ನಾಟುತ್ತದೆ.

• ಪಠ್ಯಕ್ರಮ ರೂಪಿಸುವಾಗ ಜೊತೆಯಲ್ಲಿ ಕೂರುವುದು: ನರ್ಸ್‌ಗಳಿಗೆ, ಸಮಾಜ ಕಾರ್ಯಕರ್ತರಿಗೆ, ಆಶಾ ಕಾರ್ಯಕರ್ತೆಯರಿಗೆ ಏನು ಕಲಿಸಬೇಕು ಎಂಬ ಚರ್ಚೆಯಲ್ಲಿ ಭಾಗವಹಿಸುವುದು.

• ಸಹೋದ್ಯೋಗಿಯಾಗಿ ಕೆಲಸ ಮಾಡುವುದು: ಗುಣಮುಖರಾದವರು ತರಬೇತಿ ಪಡೆದು ಅದೇ ಸೇವೆಯಲ್ಲಿ ಬೆಂಬಲ ಕಾರ್ಯಕರ್ತರಾಗುವುದು. ಅಕ್ಕಪಕ್ಕ ಕೆಲಸ ಮಾಡುವ ವೈದ್ಯರು, ನರ್ಸ್‌ಗಳು ಅವರಿಂದ ದಿನವೂ ಕಲಿಯುತ್ತಾರೆ.

ರೋಗಿಯ ಪಾತ್ರವನ್ನು ನಟರಿಂದ ಮಾಡಿಸಿ ಕಲಿಸುವ ಪದ್ಧತಿಯೂ ಇದೆ. ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ 1963ರಲ್ಲಿ ಇದನ್ನು ಆರಂಭಿಸಿದರು. ಸಂದರ್ಶನ ಮಾಡುವ ಕ್ರಮ ಕಲಿಯಲು ಇದು ಒಳ್ಳೆಯದು. ಆದರೆ ನಟ ಲಕ್ಷಣಗಳನ್ನು ತೋರಿಸಬಲ್ಲ, ಡಿಸ್ಚಾರ್ಜ್ ಆಗಿ ಮನೆಗೆ ಹೋದ ಮೊದಲ ರಾತ್ರಿ ಹೇಗಿತ್ತು ಎಂದು ಹೇಳಲಾರ.

ಪುಸ್ತಕದಲ್ಲಿ ಸಿಗದ ಪಾಠ ಯಾವುದು?

ಮೂರು ಉದಾಹರಣೆ ನೋಡಿ.

ಮೊದಲನೆಯದು ಔಷಧದ ಅಡ್ಡಪರಿಣಾಮ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕೆಲವು ಔಷಧಗಳಿಂದ 'ಅಕಥೀಸಿಯಾ' ಎಂಬ ತೊಂದರೆ ಬರಬಹುದು. ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ, ಮೈಯೊಳಗೇ ಏನೋ ತಳಮಳ. ಹೊರಗಿನಿಂದ ನೋಡುವವರಿಗೆ ರೋಗಿ ಸುಮ್ಮನೆ ಅತ್ತಿತ್ತ ಓಡಾಡುತ್ತಿರುವಂತೆ ಕಾಣುತ್ತದೆ. ಇದನ್ನು ಕಾಯಿಲೆಯೇ ಹೆಚ್ಚಾಗಿದೆ ಎಂದು ತಪ್ಪು ತಿಳಿದು ಔಷಧದ ಪ್ರಮಾಣ ಏರಿಸಿದರೆ ತೊಂದರೆ ಇನ್ನೂ ಹೆಚ್ಚುತ್ತದೆ. ಪುಸ್ತಕದಲ್ಲಿ ಇದರ ವ್ಯಾಖ್ಯಾನ ಎರಡು ಸಾಲಿನಲ್ಲಿ ಮುಗಿಯುತ್ತದೆ. ಅದನ್ನು ಅನುಭವಿಸಿದವರು ಹತ್ತು ನಿಮಿಷ ಮಾತಾಡಿದರೆ, ಕೇಳಿದ ವಿದ್ಯಾರ್ಥಿ ಮುಂದೆ ಅತ್ತಿತ್ತ ಓಡಾಡುವ ರೋಗಿಯನ್ನು ಕಂಡಾಗ "ಒಳಗೆ ಹೇಗನಿಸುತ್ತಿದೆ?" ಎಂದು ಮೊದಲು ಕೇಳುತ್ತಾನೆ. (ಇಂಥ ತೊಂದರೆ ನಿಮಗಿದ್ದರೆ ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ಬೇಗ ವೈದ್ಯರಿಗೆ ತಿಳಿಸಿ. ಇದಕ್ಕೆ ಪರಿಹಾರವಿದೆ.)

ಎರಡನೆಯದು 'ಸೋಮಾರಿತನ'. ಸ್ಕಿಜೋಫ್ರೇನಿಯಾದಲ್ಲಿ ಧ್ವನಿ ಕೇಳಿಸುವುದು, ಸಂಶಯ ಪಡುವುದು ಔಷಧದಿಂದ ಕಡಿಮೆಯಾದ ಮೇಲೂ ಉತ್ಸಾಹವಿಲ್ಲದಿರುವುದು, ಸ್ನಾನಕ್ಕೂ ಏಳಲಾಗದಿರುವುದು, ಯಾರೊಂದಿಗೂ ಬೆರೆಯದಿರುವುದು ಉಳಿಯಬಹುದು. ಇವೂ ಕಾಯಿಲೆಯ ಲಕ್ಷಣಗಳೇ. ಮನೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಅದು 'ಮೈಗಳ್ಳತನ'ವಾಗಿ ಕಾಣುತ್ತದೆ, ದಿನವೂ ಜಗಳವಾಗುತ್ತದೆ. ವರ್ಷಗಟ್ಟಲೆ ಹೀಗೆ ಬೈದು, ಆಮೇಲೆ ಸತ್ಯ ತಿಳಿದು ಕೊರಗಿದ ತಾಯಿಯೊಬ್ಬರು ತರಗತಿಯಲ್ಲಿ ಮಾತಾಡಿದರೆ, ಕುಟುಂಬಕ್ಕೆ ಮಾಹಿತಿ ಕೊಡುವುದೂ ಚಿಕಿತ್ಸೆಯ ಭಾಗ ಎಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗುತ್ತದೆ.

ಮೂರನೆಯದು ಭಾಷೆ. ಕಲಬುರಗಿ, ವಿಜಯಪುರ ಕಡೆಯಿಂದ ಪುಣೆಗೆ ಕೆಲಸಕ್ಕೆ ಹೋದ ಒಬ್ಬರು "ಜೀವಕ್ಕ ಸಮಾಧಾನ ಇಲ್ಲ" ಎನ್ನಬಹುದು. ಇನ್ನೊಬ್ಬರು "ಜೀವಾನೇ ಬ್ಯಾಡಾಗೇದ" ಎನ್ನಬಹುದು. ಮೊದಲನೆಯದು ತಳಮಳ, ಆತಂಕ. ಎರಡನೆಯದರ ಹಿಂದೆ ಸಾಯುವ ಯೋಚನೆ ಇರಬಹುದು, ತಕ್ಷಣ ಬಿಡಿಸಿ ಕೇಳಬೇಕು. ಮರಾಠಿ ಅಥವಾ ಹಿಂದಿಯಲ್ಲಿ ಮಾತಾಡುವ ವೈದ್ಯರಿಗೆ ಜೊತೆಗೆ ಬಂದ ನೆಂಟರು ಎರಡನ್ನೂ "ಮನಸ್ಸು ಸರಿಯಿಲ್ಲ ಅಂತಾರೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅಪಾಯದ ಸೂಚನೆ ತಪ್ಪಿಹೋಗುತ್ತದೆ. ಎದೆ ಭಾರ, ತಲೆ ಬಿಸಿ, ಕೈಕಾಲು ಸೋಲು ಎಂದು ದೇಹದ ಭಾಷೆಯಲ್ಲಿ ಮನಸ್ಸಿನ ನೋವು ಹೇಳುವವರೂ ನಮ್ಮಲ್ಲಿ ಬಹಳ. ಈ ಮಾತುಗಳ ಅರ್ಥವನ್ನು ಕಲಿಸಬಲ್ಲವರು ಅವನ್ನು ಆಡುವವರೇ.

ಇದು ಮನೋವೈದ್ಯರಿಗಷ್ಟೇ ಬೇಕಾದ ಪಾಠವಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ಶೇ. 10.6 ಮಂದಿಗೆ ಸಮೀಕ್ಷೆಯ ವೇಳೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇಂಥವರನ್ನು ಮೊದಲು ನೋಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ನರ್ಸ್, ಆಶಾ ಕಾರ್ಯಕರ್ತೆ, ಕೆಲವೊಮ್ಮೆ ಪೊಲೀಸರು. ಅವರೆಲ್ಲರ ತರಬೇತಿಯಲ್ಲೂ ಅನುಭವಸ್ಥರ ಮಾತಿಗೆ ಜಾಗ ಬೇಕು.

ಪುಣೆಯಿಂದ ಏನು ಕಲಿಯಬಹುದು?

ಪುಣೆಯ ಯರವಾಡಾದಲ್ಲಿರುವ ಪ್ರಾದೇಶಿಕ ಮಾನಸಿಕ ಆಸ್ಪತ್ರೆ ದೇಶದ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು. ಅದರ ಗೋಡೆಯಾಚೆ, ಅದೇ ನಗರದಲ್ಲಿ, ಕಾಯಿಲೆಯನ್ನು ಮನೆಯೊಳಗೆ ಕಂಡವರು ಕಟ್ಟಿದ ಸಂಸ್ಥೆಗಳು ಬೆಳೆದವು.

1986ರಲ್ಲಿ ಡಾ. ಸುನಂದಾ ಅವಚಟ್ ಮತ್ತು ಲೇಖಕ ಅನಿಲ ಅವಚಟ್ ದಂಪತಿ 'ಮುಕ್ತಾಂಗಣ' ವ್ಯಸನಮುಕ್ತಿ ಕೇಂದ್ರ ಆರಂಭಿಸಿದರು. ವ್ಯಸನದಿಂದ ಹೊರಬಂದವರೇ ಅಲ್ಲಿ ಆಪ್ತಸಲಹೆಗಾರರಾಗಿ, ಸಿಬ್ಬಂದಿಯಾಗಿ ಕೆಲಸ ಮಾಡುವ ಪದ್ಧತಿ ಬೆಳೆಯಿತು. ಕುಡಿತ ಬಿಟ್ಟವನಿಗೆ ಕುಡುಕನ ನೆಪಗಳೆಲ್ಲ ಗೊತ್ತು. ಆಗ ತಾನೇ ಸೇರಿದವನ ಅವಮಾನವೂ ಗೊತ್ತು. ವ್ಯಸನಿಗಳ ಪತ್ನಿಯರಿಗಾಗಿ ಬೇರೆ ಗುಂಪೂ ಅಲ್ಲಿ ನಡೆಯುತ್ತದೆ. ಗಂಡನ ಎದುರು ಹೇಳಲಾಗದ ಮಾತಿಗೆ ಹೆಂಡತಿಗೆ ಬೇರೆಯದೇ ಜಾಗ ಬೇಕು ಎಂಬುದನ್ನು ಅವರು ಗುರುತಿಸಿದ್ದರು.

1997ರಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಹುಟ್ಟಿತು. ಅದನ್ನು ಸ್ಥಾಪಿಸಿದ ಡಾ. ಜಗನ್ನಾಥ ವಾಣಿ ವೈದ್ಯರಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಪತ್ನಿಯ ಕಾಯಿಲೆ ಅವರನ್ನು ಆರೈಕೆದಾರರನ್ನಾಗಿ ಮಾಡಿತು. ಕುಟುಂಬದವರು ಸೇರಿ ಮಾತಾಡುವ ಸ್ವಸಹಾಯ ಗುಂಪುಗಳು, ಪುನರ್ವಸತಿ ಕೇಂದ್ರ, ಜನಜಾಗೃತಿ ಇವು ಸಂಸ್ಥೆಯ ಕೆಲಸಗಳು. ಮುಂದೆ ಅದರ ಅಧ್ಯಕ್ಷರಾದ ಅಮೃತ್ ಬಕ್ಷಿ ಕೂಡ ಆರೈಕೆದಾರರೇ.

1999ರಲ್ಲಿ ಭಾರ್ಗವಿ ದಾವರ್ 'ಬಾಪು ಟ್ರಸ್ಟ್' ಕಟ್ಟಿದರು. ಬಾಪು ಎಂಬುದು ಅವರ ತಾಯಿಯ ಹೆಸರು. ಮಾನಸಿಕ ಆಸ್ಪತ್ರೆಗಳಲ್ಲಿ ತಾಯಿ ಪಟ್ಟ ಪಾಡನ್ನು ಮಗುವಾಗಿದ್ದಾಗಲೇ ಕಂಡವರು ಅವರು. ಸ್ವತಃ ಮಾನಸಿಕ ಸಂಕಟವನ್ನೂ ಅನುಭವಿಸಿದವರು. ಒತ್ತಾಯದ ಚಿಕಿತ್ಸೆಗೆ ಬದಲಾಗಿ ನೆರೆಹೊರೆಯಲ್ಲೇ ಬೆಂಬಲ ಸಿಗಬೇಕು ಎಂದು ವಾದಿಸಿದರು. ಪುಣೆಯ ಬಡ ಬಸ್ತಿಗಳಲ್ಲಿ ಆ ಬಗೆಯ ಕೆಲಸವನ್ನು ನಡೆಸಿ ತೋರಿಸಿದರು. 2024ರಲ್ಲಿ ಅವರು ತೀರಿಕೊಂಡರು.

ಪುಣೆಯ ಐಎಲ್‌ಎಸ್ ಕಾನೂನು ಕಾಲೇಜಿನ ಸೆಂಟರ್ ಫಾರ್ ಮೆಂಟಲ್ ಹೆಲ್ತ್ ಲಾ ಅಂಡ್ ಪಾಲಿಸಿ ಇನ್ನೊಂದು ದಾರಿ ಹಿಡಿಯಿತು. ಮನೋವೈದ್ಯ ಡಾ. ಸೌಮಿತ್ರ ಪಠಾರೆ ಅವರ ನೇತೃತ್ವದ ಈ ಕೇಂದ್ರ, ವಿಶ್ವ ಆರೋಗ್ಯ ಸಂಸ್ಥೆಯ 'ಕ್ವಾಲಿಟಿ ರೈಟ್ಸ್' ಕಾರ್ಯಕ್ರಮವನ್ನು ಗುಜರಾತಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ನಡೆಸಲು ನೆರವಾಯಿತು. ಸಿಬ್ಬಂದಿಗೆ ರೋಗಿಗಳ ಹಕ್ಕುಗಳ ಬಗ್ಗೆ ತರಬೇತಿ ಕೊಡುವುದರ ಜೊತೆಗೆ, ಕಾಯಿಲೆ ಅನುಭವಿಸಿದವರು ಬೆಂಬಲ ಸ್ವಯಂಸೇವಕರಾಗಿ ಕೆಲಸ ಮಾಡುವ ವ್ಯವಸ್ಥೆಯೂ ಅದರಲ್ಲಿತ್ತು. ಮುಂದೆ ಜರ್ಮನಿ, ಉಗಾಂಡಾ, ಟಾಂಜಾನಿಯಾ, ಇಸ್ರೇಲ್ ಜೊತೆ ಭಾರತವೂ ಸೇರಿದ್ದ 'ಅಪ್‌ಸೈಡ್ಸ್' ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಇದೇ ಬಗೆಯ ಬೆಂಬಲ ಕಾರ್ಯಕರ್ತರ ತರಬೇತಿ ಮುಂದುವರಿಯಿತು.

ಪುಣೆಯ ಇನ್ನೊಂದು ಕೊಡುಗೆ ಸಿನಿಮಾ. ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖ್ತಣಕರ್ ನಿರ್ದೇಶಿಸಿದ 'ದೇವರಾಯಿ' (2004) ಸ್ಕಿಜೋಫ್ರೇನಿಯಾ ಇರುವ ಅಣ್ಣನನ್ನು ನೋಡಿಕೊಳ್ಳುವ ತಂಗಿಯ ಕಥೆ. ಅದರ ಹಿಂದೆ ಜಗನ್ನಾಥ ವಾಣಿಯವರ ಒತ್ತಾಸೆ ಇತ್ತು. ಮುಖ್ಯ ಪಾತ್ರ ಮಾಡಿದವರು ಬೆಳಗಾವಿಯಲ್ಲಿ ಹುಟ್ಟಿದ ನಟ ಅತುಲ್ ಕುಲಕರ್ಣಿ. ಇದೇ ನಿರ್ದೇಶಕರ 'ಅಸ್ತು' ಚಿತ್ರದಲ್ಲಿ ಮರೆವಿನ ಕಾಯಿಲೆಯ ವೃದ್ಧ ವಿದ್ವಾಂಸರೊಬ್ಬರು ಆನೆಯ ಹಿಂದೆ ಹೊರಟುಹೋಗುತ್ತಾರೆ. ಅವರನ್ನು ಮಗುವಿನಂತೆ ನೋಡಿಕೊಳ್ಳುವವಳು ಮಾವುತನ ಹೆಂಡತಿ, ಕನ್ನಡ ಮಾತಾಡುವ ಚನ್ನಮ್ಮ. ಆ ಪಾತ್ರಕ್ಕೆ ಅಮೃತಾ ಸುಭಾಷ್ ಅವರಿಗೆ 2013ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ವಿದ್ವಾಂಸರ ಪಾತ್ರ ಮಾಡಿದ ಡಾ. ಮೋಹನ ಆಗಾಶೆ ಸ್ವತಃ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಇಂಥ ಸಿನಿಮಾಗಳನ್ನು ತೋರಿಸಿ ಪ್ರೇಕ್ಷಕರ ಜೊತೆ ಚರ್ಚೆ ಮಾಡುವುದನ್ನು ಅವರು ಕಲಿಕೆಯ ದಾರಿಯಾಗಿ ಬಳಸಿದ್ದಾರೆ. ಎದ್ದು ನಿಂತು ತಮ್ಮದೇ ಕಥೆ ಹೇಳಲು ಹಿಂಜರಿಯುವ ಕುಟುಂಬಗಳಿಗೂ ಇದರಿಂದ ಅನುಕೂಲ. "ಆ ದೃಶ್ಯದಲ್ಲಿ ಮಗಳು ಹೇಳಿದ್ದು ನನ್ನ ಮಾತೂ ಹೌದು" ಎಂದಷ್ಟೇ ಹೇಳಿದರೂ ಸಾಕು.

ಕರ್ನಾಟಕದಲ್ಲೂ ಇದರ ಬೇರುಗಳಿವೆ. ಬೆಂಗಳೂರಿನ 'ಅಮೆಂಡ್' ಕುಟುಂಬದವರೇ ಕಟ್ಟಿದ ಸಂಘ. ಇನ್ನೂ ಹಿಂದೆ ಹೋದರೆ, 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯುವಂತೆ ಮಾಡಿದ್ದರು. ಮನೆಯವರನ್ನು ಹೊರಗೆ ನಿಲ್ಲಿಸಬೇಕಿಲ್ಲ, ಒಳಗೆ ಕರೆದರೆ ಚಿಕಿತ್ಸೆ ಸುಲಭವಾಗುತ್ತದೆ ಎಂದು ನಮ್ಮ ವೈದ್ಯರು ಆಗಲೇ ಕಂಡುಕೊಂಡಿದ್ದರು.

ಇದರಿಂದ ನಿಜವಾಗಿ ಪ್ರಯೋಜನ ಇದೆಯೇ?

ಇದೆ ಎನ್ನಲು ಆಧಾರಗಳಿವೆ. ಅಮೆರಿಕದ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು 14 ದೇಶಗಳ 72 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2012ರಲ್ಲಿ ವರದಿ ಮಾಡಿದರು. ವಯಸ್ಕರಲ್ಲಿ ಮಾನಸಿಕ ಕಾಯಿಲೆಯ ಬಗೆಗಿನ ಕಳಂಕಭಾವ ತಗ್ಗಿಸಲು, ಬರೀ ಮಾಹಿತಿ ಕೊಡುವುದಕ್ಕಿಂತ ಕಾಯಿಲೆ ಇದ್ದವರ ನೇರ ಒಡನಾಟ ಹೆಚ್ಚು ಪರಿಣಾಮಕಾರಿ ಎಂಬುದು ಅವರ ತೀರ್ಮಾನ.

ಇದು ವೈದ್ಯರಿಗೂ ಬೇಕೇ ಎಂದು ನೀವು ಕೇಳಬಹುದು. ವೈದ್ಯರು, ನರ್ಸ್‌ಗಳು ರೋಗಿಗಳನ್ನು ಹೆಚ್ಚಾಗಿ ನೋಡುವುದು ಕಾಯಿಲೆ ತೀವ್ರವಾಗಿದ್ದಾಗ. ಚೇತರಿಸಿಕೊಂಡು ಕೆಲಸಕ್ಕೆ ಹೋಗುವವರು, ಮಕ್ಕಳನ್ನು ಬೆಳೆಸುವವರು ಆಸ್ಪತ್ರೆಗೆ ಬರುವುದೇ ಅಪರೂಪ. ಹಾಗಾಗಿ 'ಇವರು ಸುಧಾರಿಸುವುದಿಲ್ಲ' ಎಂಬ ಭಾವನೆ ಸಿಬ್ಬಂದಿಯಲ್ಲೇ ಬೇರೂರುತ್ತದೆ. ಚೇತರಿಸಿಕೊಂಡವರು ತರಗತಿಗೆ ಬಂದು ನಿಂತರೆ ಆ ಭಾವನೆ ಕದಲುತ್ತದೆ.

ನೆರೆಯ ನೇಪಾಳದ ಚಿತ್ವನ್ ಜಿಲ್ಲೆಯ ಪ್ರಯೋಗ ನಮ್ಮ ಸ್ಥಿತಿಗೆ ಹತ್ತಿರದ್ದು. ಅಲ್ಲಿ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಮೊದಲು ತರಬೇತಿ ಕೊಟ್ಟರು. ಅವರು ತಾವೇ ತೆಗೆದ ಫೋಟೋಗಳನ್ನು ತೋರಿಸುತ್ತ, ಪ್ರಾಥಮಿಕ ಆರೋಗ್ಯ ಸಿಬ್ಬಂದಿಗೆ ತಮ್ಮ ಕಥೆ ಹೇಳಿದರು. 2021ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಹೀಗೆ ಕಲಿತ ಸಿಬ್ಬಂದಿಯಲ್ಲಿ ರೋಗಿಗಳಿಂದ ದೂರ ಉಳಿಯುವ ಮನೋಭಾವ ಕಡಿಮೆಯಾಗಿತ್ತು. ಕಾಯಿಲೆಯನ್ನು ಸರಿಯಾಗಿ ಗುರುತಿಸುವುದರಲ್ಲೂ ಅವರು ಮುಂದಿದ್ದರು. ಕಥೆ ಕೇಳಿದ್ದರಿಂದ ರೋಗನಿರ್ಣಯ ಸುಧಾರಿಸುವುದು ಹೇಗೆ? ಭಯ, ಹಿಂಜರಿಕೆ ಇಲ್ಲದೆ ಹತ್ತಿರ ಕೂತು ಮಾತಾಡಿಸಿದಾಗ ರೋಗಿ ಹೆಚ್ಚು ಹೇಳುತ್ತಾರೆ. ಹೆಚ್ಚು ಹೇಳಿದಾಗ ಕಾಯಿಲೆ ಗುರುತಿಸುವುದು ಸುಲಭ.

ಬ್ರಿಟನ್ನಿನಲ್ಲಿ 2005ರಿಂದ ಮನೋವೈದ್ಯರಾಗಲು ತರಬೇತಿ ಪಡೆಯುವವರು ರೋಗಿಗಳು ಮತ್ತು ಆರೈಕೆದಾರರಿಂದ ನೇರವಾಗಿ ಕಲಿಯುವುದನ್ನು ಅಲ್ಲಿನ ಮನೋವೈದ್ಯರ ರಾಯಲ್ ಕಾಲೇಜು ಕಡ್ಡಾಯ ಮಾಡಿತು.

ಹಾಗೆಂದು ಒಬ್ಬರು ಒಂದು ಸಲ ಬಂದು ಅರ್ಧ ಗಂಟೆ ಮಾತಾಡಿ ಹೋದರೆ ಎಲ್ಲವೂ ಬದಲಾಗುವುದಿಲ್ಲ. ಕೇಳಿದವರು ಕಣ್ಣೀರು ಹಾಕಿ, ಮರುದಿನ ಹಳೆಯ ರೂಢಿಗೇ ಮರಳಬಹುದು. ಪದೇ ಪದೇ, ಬೇರೆ ಬೇರೆ ಹಿನ್ನೆಲೆಯವರಿಂದ ಕಲಿಯುವ ಅವಕಾಶ ಇದ್ದಾಗ ಮಾತ್ರ ಪಾಠ ಉಳಿಯುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ?

ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ರೋಗಿಗಳೇ ಪಾಠ ಹೇಳಬೇಕು ಎಂದು ನೇರವಾಗಿ ಹೇಳುವುದಿಲ್ಲ. ಆದರೆ ತೀರ್ಮಾನ ತೆಗೆದುಕೊಳ್ಳುವ ಕಡೆ ಅವರಿಗೆ ಕುರ್ಚಿ ಕೊಟ್ಟಿದೆ. ಕೇಂದ್ರ ಮತ್ತು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಗಳಲ್ಲಿ ಮಾನಸಿಕ ಕಾಯಿಲೆ ಇರುವ ಅಥವಾ ಇದ್ದವರ ಪ್ರತಿನಿಧಿಗಳು ಇಬ್ಬರು, ಆರೈಕೆದಾರರ ಪ್ರತಿನಿಧಿಗಳು ಇಬ್ಬರು ಇರಬೇಕು. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲೂ ಇಂಥವರಿಗೆ ಅಥವಾ ಅವರ ಸಂಘಟನೆಗಳ ಪ್ರತಿನಿಧಿಗಳಿಗೆ ಎರಡು ಸ್ಥಾನಗಳಿವೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಮಾನಸಿಕ ಅಸ್ವಸ್ಥತೆಯನ್ನೂ ಪಟ್ಟಿಯಲ್ಲಿ ಸೇರಿಸಿದೆ. ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರ ಶಿಕ್ಷಣದಲ್ಲಿ ಅಂಗವೈಕಲ್ಯದ ವಿಷಯ ಇರಬೇಕು ಎಂದೂ ಹೇಳಿದೆ. ವೈದ್ಯಕೀಯ ಪದವಿಯ ಪಠ್ಯಕ್ರಮದಲ್ಲಿ 2019ರಿಂದ ಮನೋಭಾವ, ನೈತಿಕತೆ, ಸಂವಹನ ಕುರಿತ ಪ್ರತ್ಯೇಕ ಭಾಗವೇ ಇದೆ. ನಿಮ್ಮಂಥವರನ್ನು ಕರೆಯಲು ಕಾಲೇಜುಗಳಿಗೆ ಅದೊಂದು ಸಹಜ ಅವಕಾಶ.

ನಿಮಗೆ ಮುಖ್ಯವಾದದ್ದು ಗೌಪ್ಯತೆಯ ಹಕ್ಕು. 2017ರ ಕಾಯ್ದೆಯ ಪ್ರಕಾರ ನಿಮ್ಮ ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ಆಸ್ಪತ್ರೆ ಗುಟ್ಟಾಗಿ ಇಡಬೇಕು. ಚಿಕಿತ್ಸೆಯಲ್ಲಿರುವವರ ಫೋಟೋ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ.

ಒಪ್ಪಿಕೊಳ್ಳುವ ಮೊದಲು ಏನು ಕೇಳಬೇಕು?

ಯಾರೇ ಕರೆದರೂ ತಕ್ಷಣ ಉತ್ತರ ಕೊಡಬೇಕಿಲ್ಲ. "ಮನೆಯಲ್ಲಿ ಮಾತಾಡಿ ಹೇಳ್ತೀನಿ" ಎನ್ನಿ. ಆಮೇಲೆ ಇವನ್ನು ಕೇಳಿ.

• ಕೇಳಲು ಬರುವವರು ಯಾರು, ಎಷ್ಟು ಜನ? ನನ್ನ ಪರಿಚಯದವರು ಇರಬಹುದೇ?

• ನನ್ನಿಂದ ಯಾವ ವಿಷಯದ ಬಗ್ಗೆ ಕೇಳಲು ಬಯಸುತ್ತೀರಿ? ಎಷ್ಟು ಹೊತ್ತು?

• ನನ್ನ ನಿಜವಾದ ಹೆಸರು ಹೇಳಬೇಕೇ? ಬೇಡ ಎಂದರೆ ಬೇರೆ ಹೆಸರು ಬಳಸಬಹುದೇ?

• ರೆಕಾರ್ಡಿಂಗ್, ಫೋಟೋ, ಮೊಬೈಲ್ ವಿಡಿಯೊ ಇರುತ್ತದೆಯೇ? ಇದ್ದರೆ ಅದನ್ನು ಎಲ್ಲಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ?

• ನಡುವೆ ನಿಲ್ಲಿಸಬೇಕೆನಿಸಿದರೆ ನಿಲ್ಲಿಸಬಹುದೇ? ನನ್ನ ಜೊತೆ ಯಾರು ಇರುತ್ತಾರೆ?

• ಕನ್ನಡದಲ್ಲಿ ಮಾತಾಡಬಹುದೇ? ಬೇರೆ ಊರಿನಲ್ಲಾದರೆ ದುಭಾಷಿ ಸಿಗುತ್ತಾರೆಯೇ?

• ಪ್ರಯಾಣದ ಖರ್ಚು, ಗೌರವಧನ ಕೊಡುತ್ತೀರಾ?

ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಪಾಠ ಹೇಳಲು ಬಂದ ಬೇರೆ ಅತಿಥಿಗಳಿಗೆ ಗೌರವಧನ ಕೊಡುವ ಸಂಸ್ಥೆ ನಿಮಗೂ ಕೊಡುವುದು ನ್ಯಾಯ. ಒಂದು ದಿನದ ಕೂಲಿ ಬಿಟ್ಟು ಬರುವವರಿಗಂತೂ ಅದು ದೊಡ್ಡ ವಿಷಯ.

ಎಲ್ಲಕ್ಕಿಂತ ಮುಖ್ಯ: ನೀವು ಬೇಡ ಎಂದರೆ ನಿಮ್ಮ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗಬಾರದು. ನಿಮಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಕೇಳಿದಾಗ ಇಲ್ಲ ಎನ್ನುವುದು ಕಷ್ಟ ಎಂಬುದು ನಿಜ. ಆದ್ದರಿಂದ ಬೇರೆ ಸಿಬ್ಬಂದಿಯ ಮೂಲಕ ಕೇಳಿಸುವುದು, ಯೋಚಿಸಲು ಕೆಲವು ದಿನ ಕೊಡುವುದು ಒಳ್ಳೆಯ ಪದ್ಧತಿ. ನಿರಾಕರಿಸಿದ್ದಕ್ಕೆ ಸೇವೆಯಲ್ಲಿ ಕೊರತೆಯಾಯಿತು ಅನಿಸಿದರೆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಪರಿಶೀಲನಾ ಮಂಡಳಿಗೆ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ.

ಯಾವಾಗ ಬೇಡ ಎನ್ನುವುದು ಒಳ್ಳೆಯದು?

ಆಸ್ಪತ್ರೆಯಿಂದ ಈಗಷ್ಟೇ ಬಂದಿದ್ದರೆ, ಔಷಧ ಬದಲಾಗುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ಮನೆಯಲ್ಲಿ ಸಾವು ಅಥವಾ ದೊಡ್ಡ ಜಗಳ ನಡೆದಿದ್ದರೆ ಮುಂದೂಡಿ. ಯಾವ ನೆನಪನ್ನು ಹೇಳುವಾಗ ಮೈ ನಡುಗುತ್ತದೋ ಅದನ್ನು ಅಪರಿಚಿತರ ಮುಂದೆ ಮೊದಲ ಸಲ ಹೇಳಬೇಡಿ. ಮದುವೆ, ನೌಕರಿಯ ಮಾತುಕತೆ ನಡೆಯುತ್ತಿದ್ದು ವಿಷಯ ಹೊರಬಿದ್ದರೆ ತೊಂದರೆಯಾದೀತು ಅನಿಸಿದರೆ ಅದೂ ಸಾಕಷ್ಟು ಕಾರಣವೇ. ಇದು ಹೇಡಿತನವಲ್ಲ. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ಪಡೆಯಲಾಗದು, ಆದ್ದರಿಂದ ಕಾಲ ನೋಡಿ ಹೇಳುವುದು ಜಾಣತನ.

ರೋಗಿ ಮತ್ತು ಆರೈಕೆದಾರರ ಮಾತು ಬೇರೆಯಾದರೆ?

ಆಗುತ್ತದೆ, ಆಗಲಿ. ಒಂದು ಸನ್ನಿವೇಶ ಊಹಿಸಿಕೊಳ್ಳಿ. ಮಗ ಔಷಧ ಬೇಡ ಎನ್ನುತ್ತಾನೆ. ತಾಯಿ ದಿಕ್ಕು ತೋಚದೆ ಚಹಾದಲ್ಲಿ ಕದಡಿ ಕೊಡುತ್ತಾರೆ. ತರಗತಿಯಲ್ಲಿ ತಾಯಿ ಹೇಳುತ್ತಾರೆ: "ಆ ಮೂರು ತಿಂಗಳು ಮನೆಯಲ್ಲಿ ಎಲ್ಲರೂ ನಿದ್ದೆ ಮಾಡಿದೆವು." ಮಗ ಹೇಳುತ್ತಾನೆ: "ಗೊತ್ತಾದ ದಿನದಿಂದ ಅಮ್ಮ ಕೊಟ್ಟ ಊಟ ಮಾಡಲು ಹೆದರಿಕೆಯಾಯಿತು." ಇಬ್ಬರದೂ ನಿಜ. ತಾಯಿಯ ದಣಿವು ನಿಜ, ಒಡೆದ ನಂಬಿಕೆಯೂ ನಿಜ. ಎರಡನ್ನೂ ಕೇಳಿದ ವಿದ್ಯಾರ್ಥಿ, ನಾಳೆ ಇಂಥ ಮನೆಯವರು ಬಂದಾಗ ಯಾರನ್ನೂ ದೂಷಿಸದೆ, ಗುಟ್ಟಾಗಿ ಕೊಡುವ ಹಂತಕ್ಕೆ ಹೋಗದಂತೆ ಮೊದಲೇ ದಾರಿ ಹುಡುಕುತ್ತಾನೆ.

ಪುಣೆಯ ಸಂಸ್ಥೆಗಳಲ್ಲೂ ಈ ಭಿನ್ನ ಧ್ವನಿಗಳು ಕಾಣುತ್ತವೆ. ಮನೆಯವರ ಕಷ್ಟದಿಂದ ಹುಟ್ಟಿದ ಸಂಘ ಒಂದು ಕಡೆ, ಒತ್ತಾಯದ ಚಿಕಿತ್ಸೆಯೇ ಬೇಡ ಎನ್ನುವ, ಚಿಕಿತ್ಸೆ ಅನುಭವಿಸಿದವರ ಚಳವಳಿ ಇನ್ನೊಂದು ಕಡೆ. ತರಬೇತಿ ಕೊಡುವವರು ಇಬ್ಬರನ್ನೂ ಕರೆಯಬೇಕು. ಅಗತ್ಯವಿದ್ದರೆ ಬೇರೆ ಬೇರೆ ದಿನ, ಬೇರೆ ಬೇರೆ ಕೋಣೆಯಲ್ಲಿ. ಆರೈಕೆದಾರರ ಮಾತು ರೋಗಿಯ ಮಾತಿಗೆ ಬದಲಿಯಾಗಬಾರದು. ರೋಗಿ ಮಾತಾಡಿದರು ಎಂದು ಆರೈಕೆದಾರರನ್ನು ಕಡೆಗಣಿಸಲೂಬಾರದು.

ನೀವು ಆರೈಕೆದಾರರಾಗಿದ್ದರೆ ಒಂದು ನಿಯಮ ಪಾಲಿಸಿ: ಕಾಯಿಲೆ ಇರುವವರ ಒಪ್ಪಿಗೆ ಕೇಳಿ, ಅವರ ಮಾತಿಗಿಂತ ನಿಮ್ಮ ಮಾತನ್ನೇ ಹೆಚ್ಚು ಹೇಳಿ. "ಅವನು ಹೀಗೆ ಮಾಡಿದ" ಎನ್ನುವುದಕ್ಕಿಂತ "ಆಗ ನನಗೆ ಏನು ಬೇಕಿತ್ತು, ಯಾರೂ ಏನನ್ನು ಹೇಳಲಿಲ್ಲ" ಎಂಬುದು ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತ.

ಹೇಗೆ ಸಿದ್ಧರಾಗಬೇಕು?

ಇಡೀ ಬದುಕಿನ ಕಥೆ ಬೇಡ. ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕಾದ ಎರಡೋ ಮೂರೋ ಸಂಗತಿ ಆರಿಸಿಕೊಳ್ಳಿ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೀಗೆ ಯೋಚಿಸಿದರೆ ಸುಲಭ: ಯಾವ ಮಾತು ನನಗೆ ಸಹಾಯ ಮಾಡಿತು? ಯಾವ ಮಾತು ನೋಯಿಸಿತು? ಯಾರಾದರೂ ಕೇಳಬೇಕಿತ್ತು, ಆದರೆ ಕೇಳಲಿಲ್ಲ ಎಂಬ ಪ್ರಶ್ನೆ ಯಾವುದು?

ನಿರ್ದಿಷ್ಟವಾಗಿ ಹೇಳಿ. "ಸಿಬ್ಬಂದಿ ಒಳ್ಳೆಯವರಿರಲಿಲ್ಲ" ಎಂದರೆ ಯಾರೂ ಕಲಿಯುವುದಿಲ್ಲ. "ರಾತ್ರಿ ಹನ್ನೊಂದಕ್ಕೆ ಒಬ್ಬ ನರ್ಸ್ ಬಂದು, ನಿದ್ದೆ ಬರ್ತಿಲ್ವಾ ಅಂತ ಹೆಸರು ಹಿಡಿದು ಕೇಳಿದರು, ಆವತ್ತು ನಾನು ಬದುಕಿಕೊಂಡೆ" ಎಂದರೆ ಎಲ್ಲರೂ ಕಲಿಯುತ್ತಾರೆ. ಆಸ್ಪತ್ರೆ, ವೈದ್ಯರು, ನೆಂಟರ ಹೆಸರು ಬೇಡ. ಹೇಳದಿರುವ ವಿಷಯ ಯಾವುದು ಎಂದು ಮೊದಲೇ ಗುರುತಿಸಿಕೊಳ್ಳಿ. ಪ್ರಶ್ನೆ ಬಂದರೆ "ಅದಕ್ಕೆ ಉತ್ತರ ಕೊಡುವುದಿಲ್ಲ" ಎನ್ನಲು ನಿಮಗೆ ಪೂರ್ಣ ಸ್ವಾತಂತ್ರ್ಯವಿದೆ.

ಮಾತು ಮುಗಿದ ಸಂಜೆ ಒಮ್ಮೊಮ್ಮೆ ಮನಸ್ಸು ಖಾಲಿ ಖಾಲಿ ಅನಿಸಬಹುದು, ಹಳೆಯ ನೆನಪು ಕಾಡಬಹುದು. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಿಮ್ಮವರೊಬ್ಬರು ಜೊತೆಗಿರಲಿ. ಎರಡು ಮೂರು ದಿನವಾದರೂ ನಿದ್ದೆ ಬರದಿದ್ದರೆ, ಕಳವಳ ಹೆಚ್ಚಿದರೆ ನಿಮ್ಮ ವೈದ್ಯರನ್ನು ಕಾಣಿ. ಕರೆದ ಸಂಸ್ಥೆಯೂ ಮರುದಿನ ಫೋನ್ ಮಾಡಿ ವಿಚಾರಿಸಬೇಕು. ನಿಮ್ಮ ಮಾತಿನಿಂದ ವಿದ್ಯಾರ್ಥಿಗಳು ಏನು ಕಲಿತರು ಎಂಬುದನ್ನು ನಿಮಗೂ ತಿಳಿಸಬೇಕು.

ಯಾರೂ ಕರೆಯದಿದ್ದರೆ?

ತರಗತಿಗೇ ಹೋಗಬೇಕೆಂದಿಲ್ಲ. ಮುಂದಿನ ಭೇಟಿಯಲ್ಲೇ ನಿಮ್ಮ ಪಾಠ ಶುರುವಾಗಬಹುದು. ಕಿರಿಯ ವೈದ್ಯರು ನಿಮ್ಮನ್ನು ನೋಡಿದಾಗ, 'ನೀವು ಹೀಗೆ ಕೇಳಿದ್ದು ಅನುಕೂಲವಾಯಿತು' ಎಂದೋ, 'ನನ್ನನ್ನು ಬಿಟ್ಟು ನನ್ನ ತಂದೆಯ ಹತ್ತಿರ ಮಾತ್ರ ಮಾತಾಡಿದಿರಿ, ನನ್ನನ್ನೂ ಕೇಳಿ' ಎಂದೋ ಹೇಳಿ. ಅಡ್ಡಪರಿಣಾಮಗಳನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಂಡು ಹೋಗಿ. ಹತ್ತಿರದಲ್ಲಿ ಸ್ವಸಹಾಯ ಗುಂಪು ಇದೆಯೇ ಎಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಒಬ್ಬೊಬ್ಬರೇ ಹೇಳಲಾಗದ್ದನ್ನು ಗುಂಪಾಗಿ ಹೇಳುವುದು ಸುಲಭ. ಆಸ್ಪತ್ರೆಗಳೂ ಕಾಲೇಜುಗಳೂ ಅತಿಥಿಗಳನ್ನು ಹುಡುಕುವಾಗ ಮೊದಲು ವಿಚಾರಿಸುವುದು ಇಂಥ ಗುಂಪುಗಳಲ್ಲೇ.

ಮನಸ್ಸಿನ ತೊಂದರೆಗೆ ಈಗಲೇ ಸಹಾಯ ಬೇಕಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ, ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು.

ಜಗನ್ನಾಥ ವಾಣಿ ಸಂಖ್ಯಾಶಾಸ್ತ್ರ ಓದಿದವರು, ಮನೋವೈದ್ಯಶಾಸ್ತ್ರವನ್ನಲ್ಲ. ಭಾರ್ಗವಿ ದಾವರ್ ತಾಯಿಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಕಾದ ಮಗು. ಇಬ್ಬರಿಗೂ ಗೊತ್ತಿದ್ದದ್ದು ಮನೆಯೊಳಗೆ ಕಂಡದ್ದು. ಅದನ್ನು ಹೇಳಿದ್ದರಿಂದ ಉಳಿದವರು ಕಲಿತರು. ಮುಂದಿನ ಸಲ "ನಾನೇನು ಹೇಳಿಕೊಡಬಲ್ಲೆ?" ಅನಿಸಿದಾಗ ಇದನ್ನು ನೆನಪಿಸಿಕೊಳ್ಳಿ. ಹೇಳಬೇಕೋ ಬೇಡವೋ, ಯಾವಾಗ, ಯಾರಿಗೆ, ಎಷ್ಟು ಎಂಬ ತೀರ್ಮಾನ ಮಾತ್ರ ಯಾವಾಗಲೂ ನಿಮ್ಮದೇ.